ಹೆಂಗಸರ ಮೂರು ದಿನದ ರಿಟ್ರೀಟ್: ದೇವರ ಬಗ್ಗೆ ಅನುಮಾನ ಇಟ್ಕೊಂಡೇ ಹೋಗ್ಬಹುದಾದ ಜಾಗ

ಕ್ರೈಸ್ತ ಹೆಂಗಸರು ಮನೆ ಬಿಟ್ಟು ಒಂದ್ಕಡೆ ಉಳಿದು ಬೈಬಲ್ ಓದಿ ಪ್ರಾರ್ಥನೆ ಮಾಡೋ ರಿಟ್ರೀಟ್ ಒಂದಕ್ಕೆ ದಸರಾ ರಜದಲ್ಲಿ ಹೋಗಿ ಬಂದೆ, ಬಂದು ಮೂರು ವಾರ ಕಳೆದ ಮೇಲೆ ಈಗ ಬರೀತಿದೀನಿ. ಯಾಕಂದ್ರೆ ಇಂಥ ಕೂಟಗಳಿಂದ ವಾಪಸ್ ಬಂದ ಹೊಸದ್ರಲ್ಲಿ ಎಲ್ಲಾನೂ ಚೆನ್ನಾಗಿತ್ತು ಅಂತಾನೇ ಅನ್ಸುತ್ತೆ, ಆಮೇಲೆ ಸ್ಕೂಲು, ಅಡುಗೆ, ಅತ್ತೆಯವರ ಬಿಪಿ ಮಾತ್ರೆ ಅಂತ ದಿನ ಓಡೋಕೆ ಶುರುವಾದಾಗಲೇ ಅಲ್ಲಿಂದ ತಂದಿದ್ರಲ್ಲಿ ಏನು ಉಳೀತು ಏನು ಹೋಯ್ತು ಅಂತ ಗೊತ್ತಾಗೋದು. ಜಾಗದ ಹೆಸರು ಹಾಕ್ತಾ ಇಲ್ಲ, ಕೂಟ ನಡೆಸೋರೇ ಹಾಕ್ಬೇಡಿ ಅಂತ ಕೇಳ್ಕೊಂಡ್ರು, ಬರೋರಲ್ಲಿ ಕೆಲವರು ಮನೇಲಿ ಪೂರ್ತಿ ವಿಷ್ಯ ಹೇಳ್ದೆ ಬಂದಿರ್ತಾರೆ. ಚಿಕ್ಕಮಗಳೂರು ಕಡೆ ಕಾಫಿ ತೋಟದ ನಡುವೆ ಇದೆ ಅಂತ ಅಷ್ಟು ಹೇಳ್ಬಹುದು. ಹೋಗ್ಬೇಕು ಅನ್ನೋರು ನಿಮ್ಮ ಸಭೆಯ (ಅಂದ್ರೆ ಚರ್ಚಿನ) ಸ್ತ್ರೀಯರ ಅನ್ಯೋನ್ಯ ಕೂಟದ, ಅಂದ್ರೆ ಹೆಂಗಸರ ಸಂಘದ, ಕಾರ್ಯದರ್ಶಿ ಹತ್ರ ಕೇಳಿ, ಇಂಥ ಕೂಟಗಳ ವಿಷ್ಯ ಅವ್ರಿಗೆ ಗೊತ್ತಿರುತ್ತೆ.

ನಾನು ಯಾಕೆ ಹೋದೆ ಅಂತ ಮೊದ್ಲು ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದಿನ ಮಾತು ಅರ್ಥ ಆಗಲ್ಲ. ಎರಡು ವರ್ಷದ ಹಿಂದೆ ನನ್ನ ತಂಗಿ ಸ್ತನ ಕ್ಯಾನ್ಸರಲ್ಲಿ ಹೋದ್ಲು, ಮೂವತ್ತೆಂಟು ವಯಸ್ಸು. ಆಪರೇಷನ್ ಆಯ್ತು, ಕೀಮೋ ಆಯ್ತು, ಜೊತೆಗೆ ಮನೇಲಿ ನಲವತ್ತು ದಿನ ಸರದಿ ಮೇಲೆ ಉಪವಾಸ ಪ್ರಾರ್ಥನೆ ಮಾಡಿದ್ವಿ, ನಾನೂ ಬುಧವಾರ ಶುಕ್ರವಾರ ಅನ್ನ ಮುಟ್ಟಿಲ್ಲ, ಗುಣ ಆಗೇ ಆಗ್ತಾಳೆ ಅಂತ ಒಬ್ರಲ್ಲ ಮೂರು ಜನ ಖಡಾಖಂಡಿತವಾಗಿ ಹೇಳಿದ್ರು. ಅವಳು ಹೋದ ಹನ್ನೊಂದನೇ ದಿನ ಮನೆಗೆ ಬಂದ ಒಬ್ಬ ಪ್ರಾರ್ಥನಾ ಸಹೋದರಿ ಕಾಫಿ ಲೋಟ ಕೆಳಗಿಟ್ಟು, "ನಿಮ್ಮಲ್ಲಿ ಯಾರದ್ದೋ ವಿಶ್ವಾಸ ಕಡಿಮೆ ಇತ್ತು ಕಣಮ್ಮ" ಅಂದ್ರು. ಆ ಮಾತು ಕೇಳಿದಾಗಿಂದ ನಾನು ಚರ್ಚಿಗೆ ಹೋಗೋದು ನಿಲ್ಲಿಸಲಿಲ್ಲ, ಆದ್ರೆ ಪ್ರಾರ್ಥನೆ ಮುಗಿದಾಗ ಆಮೆನ್ ಅನ್ನೋಕೆ ಬಾಯಿ ಏಳ್ತಿರಲಿಲ್ಲ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳ್ತಿದ್ದೆ, ಒಳಗೆ ಮಾತ್ರ ಖಾಲಿ. ಇದನ್ನ ಯಾರ ಹತ್ರ ಹೇಳೋದು? ಚರ್ಚಿನ ಅಯ್ಯನವರ (ಪಾದ್ರಿ) ಹತ್ರ ಹೇಳಿದ್ರೆ ಹೆಚ್ಚು ಪ್ರಾರ್ಥನೆ ಮಾಡಿ ಅಂತಾರೆ, ಮನೆಯವರ ಹತ್ರ ಹೇಳಿದ್ರೆ ಅವ್ರಿಗೆ ಭಯ ಆಗುತ್ತೆ.

ಹಂಗಾಗಿ ನಮ್ಮ ಸಭೆಯ ಒಬ್ಬ ಅಕ್ಕ "ಇಲ್ಲಿ ಬೇರೆ ತರ ಇರುತ್ತೆ, ಒಂದ್ಸಲ ಬಾ" ಅಂದಾಗ ನಾನು ಬೇಡ ಅಂತಾನೇ ಅಂದಿದ್ದೆ, ಅವ್ರೇ ದುಡ್ಡು ಕಟ್ಟಿಬಿಟ್ರು. ಎರಡು ರಾತ್ರಿ ಮೂರು ದಿನಕ್ಕೆ ಊಟ ಸೇರಿ 1,200 ರೂಪಾಯಿ, ಕೊಡೋಕೆ ಆಗ್ದೇ ಇದ್ದೋರಿಗೆ 300, ಯಾರು ಎಷ್ಟು ಕೊಟ್ರು ಅಂತ ಯಾರಿಗೂ ಗೊತ್ತಾಗಲ್ಲ. ಇದು ಚಿಕ್ಕ ವಿಷ್ಯ ಅನ್ಸಬಹುದು, ಆದ್ರೆ ನಮ್ಮ ಕೂಟಗಳಲ್ಲಿ ಕಾಣಿಕೆ ಕೊಟ್ಟೋರ ಹೆಸರು ಮೈಕಲ್ಲಿ ಓದೋದನ್ನ ಕೇಳಿ ಕೇಳಿ ಸಾಕಾಗಿದ್ದ ನನಗೆ ಅದೇ ಮೊದಲ ಸಮಾಧಾನ.

ವ್ಯವಸ್ಥೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ರೂಮಿಗೆ ನಾಲ್ಕು ಮಂಚ, ಹಾಸಿಗೆ ತೆಳು, ಸೋಲಾರ್ ಬಿಸಿನೀರು ಬೆಳಿಗ್ಗೆ ಬೇಗ ಎದ್ದೋರಿಗೆ ಮಾತ್ರ. ಟಾಯ್ಲೆಟ್ ಎಲ್ಲಾ ಇಂಡಿಯನ್, ಮಂಡಿ ನೋವಿರೋ ಅಮ್ಮಂದಿರು ತುಂಬಾ ಕಷ್ಟಪಟ್ರು, ಕೆಳಗಿನ ಮಹಡೀಲಿ ಒಂದೇ ಒಂದು ವೆಸ್ಟರ್ನ್ ಇದೆ, ಅದ್ರ ಮುಂದೆ ಕ್ಯೂ. ಇದನ್ನ ಅವ್ರು ಸರಿ ಮಾಡ್ಲೇಬೇಕು. ಫೋನ್ ಸಿಗ್ನಲ್ ಗೇಟ್ ಹತ್ರ ಬಿಟ್ರೆ ಎಲ್ಲೂ ಇಲ್ಲ, ನನಗೆ ಅದು ಒಳ್ಳೇದೇ ಆಯ್ತು. ಊಟ ಮನೆ ಊಟದ ಹಾಗೆ, ಮುದ್ದೆ ಸೊಪ್ಪಿನ ಸಾರು, ಒಂದಿನ ಕೋಳಿ, ಬೆಳಿಗ್ಗೆ ಅಕ್ಕಿ ರೊಟ್ಟಿ. ಮುಖ್ಯವಾಗಿ ಬಂದ ಹೆಂಗಸರನ್ನ ಯಾರೂ ಪಾತ್ರೆ ತೊಳೆಯೋಕೆ ಕರೀಲಿಲ್ಲ. ನನ್ನ ಪಕ್ಕದ ಮಂಚದ ಅಕ್ಕ, ಭದ್ರಾವತಿ ಕಡೆಯವ್ರು, ಬೇರೆಯವರು ಬಡಿಸಿ ನಾನು ಕೂತು ಉಂಡಿದ್ದು ಬಾಣಂತನ ಆದ್ಮೇಲೆ ಇದೇ ಮೊದಲು ಅಂದ್ರು, ಅವ್ರ ದೊಡ್ಡ ಮಗನಿಗೆ ಈಗ ಇಪ್ಪತ್ತಾರು.

ಇದು ಅಡುಗೆ ಮನೆಯವರ ಒಳ್ಳೇತನ ಅಷ್ಟೇ ಅಲ್ಲ, ಬೇಕಂತಲೇ ಹಂಗೆ ಇಟ್ಟಿದ್ದಾರಂತೆ. ಬೈಬಲಲ್ಲಿ ಎಲೀಯ ಪ್ರವಾದಿ ಗಿಡದ ಕೆಳಗೆ ಮಲ್ಕೊಂಡು ಸಾಕಪ್ಪ ದೇವ್ರೇ, ನನ್ನ ಪ್ರಾಣ ತಗೋ ಅಂದಾಗ ದೇವದೂತ ಪ್ರಸಂಗ ಮಾಡ್ಲಿಲ್ಲ, ರೊಟ್ಟಿ ನೀರು ಕೊಟ್ಟ, ಮಲಗೋಕೆ ಬಿಟ್ಟ, ಎಬ್ಬಿಸಿ ಇನ್ನೊಂದ್ಸಲ ತಿನ್ನಿಸಿದ, ದೇವರ ಜೊತೆ ಮಾತುಕತೆ ಎಲ್ಲಾ ಆಮೇಲೆ ಹೋರೇಬ್ ಬೆಟ್ಟದಲ್ಲಿ. 1 ಅರಸು 19ನೇ ಅಧ್ಯಾಯ, ನಾನು ಸಂಡೇ ಸ್ಕೂಲಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೀನಿ, ಊಟಾನೇ ಮೊದಲು ಅನ್ನೋದನ್ನ ಗಮನಿಸಿರಲೇ ಇಲ್ಲ.

ಈಗ ಅಸಲು ವಿಷ್ಯಕ್ಕೆ ಬರ್ತೀನಿ. ಕೂಟ ನಡೆಸಿದ ಆಂಟಿ ರಿಟೈರ್ಡ್ ನರ್ಸು, ಅರವತ್ತು ದಾಟಿದ್ದಾರೆ, ಗಂಡ ತೀರ್ಕೊಂಡಿದ್ದಾರೆ. ಮೊದಲನೇ ದಿನ ಸಂಜೆ ನಲವತ್ತೆರಡು ಜನ ಹೆಂಗಸರು ಕೂತಿದ್ವಿ, ಹಾಡು, ಸಾಕ್ಷಿ (ದೇವರು ನಮಗೆ ಏನು ಮಾಡಿದ ಅಂತ ಹೇಳೋದು) ಅಂತ ಶುರು ಮಾಡ್ತಾರೆ ಅನ್ಕೊಂಡಿದ್ರೆ ಅವ್ರು ಬೈಬಲ್ ತೆಗೆದು ಕೀರ್ತನೆ 88 ತೆಗೀರಿ ಅಂದ್ರು. ಓದಿ ನೋಡಿ ನೀವೂ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಅತ್ತು ಅತ್ತು ಕೊನೆಗೆ ಆದ್ರೂ ನಾನು ನಿನ್ನನ್ನ ಸ್ತುತಿಸ್ತೀನಿ ಅಂತ ತಿರುಗುತ್ವೆ, ಇದು ತಿರುಗೋದೇ ಇಲ್ಲ, ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಓದಿ ಆದ್ಮೇಲೆ ಆಂಟಿ ಕೇಳಿದ್ದು ಒಂದೇ ಪ್ರಶ್ನೆ: ಇದನ್ನ ಸತ್ಯವೇದದಿಂದ (ಬೈಬಲಿಂದ) ಯಾರೂ ಯಾಕೆ ತೆಗೆದುಹಾಕಲಿಲ್ಲ? ಯಾರೂ ಮಾತಾಡ್ಲಿಲ್ಲ. ಅವ್ರೂ ಉತ್ತರ ಹೇಳ್ಲಿಲ್ಲ, ಈ ರಾತ್ರಿ ಇದೇ ಪ್ರಶ್ನೆ ತಲೇಲಿಟ್ಕೊಂಡು ಮಲಗಿ ಅಂತ ಪ್ರಾರ್ಥನೆ ಮಾಡಿ ಕಳಿಸಿದ್ರು. ನನಗೆ ನಿದ್ದೆ ಬರ್ಲಿಲ್ಲ. ಇಷ್ಟು ದಿನ ನನ್ನ ಬಾಯಲ್ಲಿ ಬರಬಾರದು ಅಂತ ಹಲ್ಲು ಕಚ್ಚಿ ಹಿಡಿದಿದ್ದ ಮಾತು ದೇವರ ಪುಸ್ತಕದ ಒಳಗೇ ಪ್ರಾರ್ಥನೆ ಅಂತ ಕೂತಿದೆಯಲ್ಲ ಅಂತ.

ಎರಡನೇ ದಿನ ಬೆಳಿಗ್ಗೆ ಹನ್ನಳ ಕಥೆ. ಮಕ್ಕಳಿಲ್ಲದ ಹನ್ನ, ಸವತಿ ಪೆನಿನ್ನಳ ಚುಚ್ಚು ಮಾತು, ಗಂಡ ಎಲ್ಕಾನ ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ವಾ ಅಂತ ಕೇಳೋದು (ಇಲ್ಲಿ ಇಡೀ ಹಾಲ್‌ನಲ್ಲಿ ನಿಟ್ಟುಸಿರು ಕೇಳಿಸ್ತು). ಅವಳು ಶೀಲೋವಿನ ಆಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸ್ತಾ ಅಳ್ತಾ ಪ್ರಾರ್ಥನೆ ಮಾಡ್ತಾ ಇದ್ರೆ ಯಾಜಕ ಏಲಿ ಇವಳು ಕುಡಿದಿದ್ದಾಳೆ ಅನ್ಕೊಂಡ. ನೋಡಿ, ಆಲಯದಲ್ಲಿ ಕೂತ ದೇವರ ಮನುಷ್ಯನೇ ತಪ್ಪು ತಿಳ್ಕೊಂಡ. ಹನ್ನ ಸುಮ್ನಿರಲಿಲ್ಲ, ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ಮನಸ್ಸಲ್ಲಿರೋದನ್ನ ಕರ್ತನ ಮುಂದೆ ಹೊಯ್ದುಕೊಳ್ತಾ ಇದೀನಿ ಅಂತ ಹೇಳಿದ್ಲು. ಏಲಿ ಆಗ ಮಾತು ತಿದ್ದಿಕೊಂಡು ಸಮಾಧಾನದಿಂದ ಹೋಗು ಅಂದ. ನಮ್ಮ ಮನೆಗೆ ಬಂದ ಆ ಸಹೋದರಿಗೆ ಎದುರು ಮಾತು ಹೇಳಿದ್ರೆ ಪಾಪ ಅನ್ಕೊಂಡು ಎರಡು ವರ್ಷ ಬಾಯಿ ಮುಚ್ಕೊಂಡಿದ್ದೋಳು ನಾನು, ಹನ್ನ ಯಾಜಕನಿಗೇ ಹೇಳಿದ್ಲು. ಇನ್ನೊಂದು ಏನಂದ್ರೆ ಅವಳು ಎದ್ದು ಹೋಗಿ ಊಟ ಮಾಡಿದ್ಲು, ಮುಖ ಬಾಡಿದ್ದು ಸರಿಹೋಯ್ತು ಅಂತ ಬರ್ದಿದೆ, ಆವಾಗ ಇನ್ನೂ ಗರ್ಭ ನಿಂತೇ ಇರ್ಲಿಲ್ಲ. ಮಗು ಸಿಕ್ಕಿದ ಮೇಲೆ ಸಮಾಧಾನ ಆದ ಕಥೆ ಅಂತ ನಾವೆಲ್ಲಾ ತಾಯಂದಿರ ದಿನ ಹೇಳೋದು ಪೂರ್ತಿ ಸರಿ ಅಲ್ಲ.

ಮಧ್ಯಾಹ್ನದ ಪಾಠ ಮಾರ್ಥ. ಯೋಹಾನ 11. ಇಲ್ಲೇ ನಾನು ಎದ್ದು ಹೋಗೋಣ ಅನ್ಕೊಂಡಿದ್ದೆ, ಯಾಕಂದ್ರೆ ಮಾರ್ಥ ಮರಿಯರ ತಮ್ಮ ಲಾಜರ ಸತ್ತು, ಯೇಸು ಅವನನ್ನ ಎಬ್ಬಿಸಿದ ಕಥೆ ತಂಗಿ ಮಣ್ಣಿನ ದಿನ ಓದಿದ್ರು. ಕರ್ತನೇ ನೀನು ಇಲ್ಲಿ ಇದ್ದಿದ್ರೆ ನನ್ನ ತಮ್ಮ ಸಾಯ್ತಾ ಇರ್ಲಿಲ್ಲ ಅಂತ ಮಾರ್ಥ ಹೇಳ್ತಾಳೆ, ಮರಿಯಳೂ ಬಂದು ಅದೇ ಮಾತು ಹೇಳ್ತಾಳೆ. ಸುದ್ದಿ ಕೇಳಿದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇದ್ದ ಅಂತ ಅದೇ ಅಧ್ಯಾಯದಲ್ಲಿದೆ, ಅಂದ್ರೆ ಅವರ ದೂರು ಸುಳ್ಳಲ್ಲ. ಯೇಸು ಅವರಿಗೆ ಬೈಲಿಲ್ಲ, ಅತ್ತ. ಆಗ ನಾನು, ಹೆಂಗೆ ಧೈರ್ಯ ಬಂತೋ ಗೊತ್ತಿಲ್ಲ, ಜೋರಾಗಿ ಹೇಳ್ಬಿಟ್ಟೆ, "ಆಂಟಿ, ಲಾಜರ ಎದ್ದು ಬಂದ, ನನ್ನ ತಂಗಿ ಬರ್ಲಿಲ್ಲ." ಹಾಲ್ ಪೂರ್ತಿ ಗಪ್‌ಚುಪ್. ಆಂಟಿ ಪುಸ್ತಕ ಮುಚ್ಚಿಟ್ಟು ಬಂದು ನನ್ನ ಪಕ್ಕ ಚಾಪೆ ಮೇಲೆ ಕೂತ್ರು, ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ "ಯಾಕೆ ಅಂತ ನನಗೂ ಗೊತ್ತಿಲ್ಲಮ್ಮ, ನಮ್ಮನೆಯವರ ವಿಷ್ಯದಲ್ಲೂ ಗೊತ್ತಾಗ್ಲಿಲ್ಲ" ಅಂದ್ರು. ಅಷ್ಟೇ. ಎರಡು ವರ್ಷದಲ್ಲಿ ಚರ್ಚಿನವರ ಬಾಯಿಂದ ಗೊತ್ತಿಲ್ಲ ಅನ್ನೋ ಮಾತು ನಾನು ಕೇಳಿದ್ದು ಅದೇ ಮೊದಲು, ಅವತ್ತು ನಾನು ಅತ್ತ ಹಾಗೆ ತಂಗಿ ಹೋದ ದಿನವೂ ಅತ್ತಿರಲಿಲ್ಲ.

ಇದೇ ಕಾರಣಕ್ಕೆ ನಾನು ಈ ಜಾಗಾನ ಹೋಗಿ ಅಂತ ಹೇಳೋದು. ಇಲ್ಲಿ ಅನುಮಾನವನ್ನ ಕಾಯಿಲೆ ತರ ನೋಡಲ್ಲ, ಪಾಪ ಅಂತ ಅರಿಕೆ ಮಾಡಿಸಲ್ಲ. ಮಾರ್ಕ 9ರಲ್ಲಿ ಮೂರ್ಛೆ ಬೀಳೋ ಮಗನ ಅಪ್ಪ ನಂಬ್ತೀನಿ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಒಂದೇ ಉಸಿರಲ್ಲಿ ಹೇಳಿದ, ಪೂರ್ತಿ ನಂಬಿ ಆಮೇಲೆ ಬಾ ಅಂತ ಯೇಸು ಕಳಿಸ್ಲಿಲ್ಲ, ಮಗ ಗುಣ ಆದ. ಇದನ್ನ ಗೋಡೆ ಮೇಲೆ ಬರೆದು ಹಾಕಿದ್ದಾರೆ, ಊಟದ ಹಾಲ್‌ನಲ್ಲಿ, ಕೈ ತೊಳೆಯೋ ನಲ್ಲಿ ಮೇಲೆ.

ಸಂಜೆ ಟೀ ಆದ್ಮೇಲೆ ಪಂಡಿತಾ ರಮಾಬಾಯಿ ಬಗ್ಗೆ ಒಂದು ಗಂಟೆ ಇತ್ತು, ಇದು ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಅವ್ರು ನಮ್ಮ ಕಡೆಯವ್ರು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರ್ಲಿಲ್ಲ. 1858ರಲ್ಲಿ ಹುಟ್ಟಿದ್ದು, ತಂದೆ ಕಾರ್ಕಳ ಹತ್ರದ ಮಾಳದವರು, ಹೆಂಡತಿ ಮಗಳಿಗೆ ಸಂಸ್ಕೃತ ಕಲಿಸಿದ್ರು ಅಂತ ಆ ಕಾಲದಲ್ಲಿ ದೊಡ್ಡ ವಿರೋಧ ಎದುರಿಸಿದೋರು. ಬರಗಾಲದಲ್ಲಿ ಅಪ್ಪ ಅಮ್ಮ ಅಕ್ಕ ಹೋದ್ರು, 1880ರಲ್ಲಿ ಅಣ್ಣ, 1882ರಲ್ಲಿ ಗಂಡ ಕಾಲರಾದಲ್ಲಿ, ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಲ್ಲಿ ದೀಕ್ಷಾಸ್ನಾನ ತಗೊಂಡ್ರು, ಆದ್ರೆ ಅಲ್ಲಿನ ಸಿಸ್ಟರ್‌ಗಳು ಹೇಳಿದ್ದಕ್ಕೆಲ್ಲಾ ತಲೆ ಆಡಿಸ್ಲಿಲ್ಲ, ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದ್ರು, ನನ್ನ ಮನಸ್ಸಾಕ್ಷಿ ಒಪ್ಪಬೇಕು ಅಂದ್ರು. ತನಗೆ ಮೊದ್ಲು ಕ್ರೈಸ್ತ ಧರ್ಮ ಸಿಕ್ತು, ಕ್ರಿಸ್ತ ಸಿಕ್ಕಿದ್ದು ಎಷ್ಟೋ ವರ್ಷ ಆದ್ಮೇಲೆ ಅನ್ನೋ ಅರ್ಥದಲ್ಲಿ ತಮ್ಮ ಸಾಕ್ಷಿಯಲ್ಲಿ ಬರ್ದಿದ್ದಾರೆ. 1889ರಲ್ಲಿ ಮುಂಬೈನಲ್ಲಿ ವಿಧವೆಯರಿಗೆ ಶಾರದಾ ಸದನ, ಆಮೇಲೆ ಪುಣೆ ಹತ್ರ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್, ಬರಗಾಲದಿಂದ ನೂರಾರು ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದು ಸಾಕಿದ್ರು. ನಮ್ಮ ಗುಲ್ಬರ್ಗದಲ್ಲಿ 1912ರಲ್ಲಿ ಶಾಲೆ ಶುರುವಾದಾಗ ಮನೋರಮಾನೇ ಅದನ್ನ ನೋಡ್ಕೊಂಡಿದ್ದು. ಆ ಮಗಳೂ 1921ರಲ್ಲಿ ತೀರಿಕೊಂಡ್ಲು, ತಾಯಿ ಮುಂದಿನ ವರ್ಷ ಏಪ್ರಿಲಲ್ಲಿ. ಇದನ್ನ ಹೇಳಿದೋರು ಕಾಲೇಜಲ್ಲಿ ಇತಿಹಾಸ ಪಾಠ ಮಾಡೋ ಮೇಡಂ, ಒಂದು ಕಡೇನೂ ನೋಡಿ ಅವರ ವಿಶ್ವಾಸ ಎಂಥದ್ದು ಅಂತ ನಮ್ಮನ್ನ ನಾಚಿಸೋ ತರ ಹೇಳ್ಲಿಲ್ಲ. ಮದರ್ ತೆರೇಸಾ ವಿಷ್ಯಾನೂ ಬಂತು, ಅವ್ರು 1997ರಲ್ಲಿ ತೀರ್ಕೊಂಡು ಹತ್ತು ವರ್ಷ ಆದ್ಮೇಲೆ ಪತ್ರಗಳು ಹೊರಗೆ ಬಂದಾಗ ದಶಕಗಳ ಕಾಲ ಅವರಿಗೆ ದೇವರ ಸನ್ನಿಧಿ ಅನುಭವಕ್ಕೇ ಬರದೆ ಒಳಗೆ ಕತ್ತಲೆ ಇತ್ತು ಅಂತ ಲೋಕಕ್ಕೆ ಗೊತ್ತಾಗಿದ್ದು. ಕೆಥೋಲಿಕ್ ಅಕ್ಕಂದಿರು ಮೂರ್ನಾಲ್ಕು ಜನ ಬಂದಿದ್ರು, ಅದ್ರಲ್ಲಿ ಒಬ್ರು ಜಪಮಾಲೆ ಹಿಡ್ಕೊಂಡು ಕೇಳ್ತಾ ಕೇಳ್ತಾ ಕಣ್ಣು ಒರೆಸ್ಕೊಂಡ್ರು.

ಈಗ ಸರಿ ಬರದೇ ಇದ್ದಿದ್ದು. ಎರಡನೇ ದಿನ ರಾತ್ರಿ ಹೊರಗಿಂದ ಒಬ್ಬ ಬೋಧಕರನ್ನ ಕರೆಸಿದ್ರು. ಅವ್ರು ಇಡೀ ದಿನ ನಡೆದಿದ್ದು ಏನು ಅಂತ ಕೇಳ್ಕೊಳ್ದೆ ಮೈಕ್ ಹಿಡಿದು, ಅನುಮಾನ ಪಡೋ ಹೆಂಗಸಿನ ಮನೇಲಿ ಆಶೀರ್ವಾದ ನಿಲ್ಲಲ್ಲ, ಗಂಡನಿಗೆ ಅಧೀನಳಾಗಿದ್ರೆ ಅರ್ಧ ಸಮಸ್ಯೆ ತಾನಾಗೇ ಹೋಗುತ್ತೆ ಅಂತ ಮುಕ್ಕಾಲು ಗಂಟೆ ಕೂಗಿದ್ರು. ನನ್ನ ರೂಮಿನ ಒಬ್ಬ ಹುಡುಗಿ, ಇಪ್ಪತ್ತೈದೂ ಆಗಿಲ್ಲ, ತೋಳಲ್ಲಿ ನೀಲಿ ಕಲೆ ಮುಚ್ಚೋಕೆ ತುಂಬು ತೋಳಿನ ಬ್ಲೌಸ್ ಹಾಕ್ಕೊಂಡು ಬಂದಿದ್ಲು, ಅವಳು ತಲೆ ತಗ್ಗಿಸಿ ಕೂತಿದ್ದು ನೋಡಿ ನನಗೆ ಮೈ ಉರೀತು. ಬೆಳಿಗ್ಗೆಯಿಂದ ಕಟ್ಟಿದ್ದನ್ನೆಲ್ಲಾ ಒಂದೇ ಏಟಿಗೆ ಕೆಡವಿದ ಹಾಗಾಯ್ತು. ಇದನ್ನ ನಾನು ಫೀಡ್‌ಬ್ಯಾಕ್ ಹಾಳೇಲೂ ಬರ್ದಿದ್ದೀನಿ, ಆಂಟಿಗೆ ನೇರವಾಗೂ ಹೇಳಿದ್ದೀನಿ, ಮುಂದಿನ ಸಲ ರಾತ್ರಿ ಕೂಟಾನೂ ನಾವೇ ಹೆಂಗಸರೇ ನಡೆಸ್ತೀವಿ ಅಂದಿದ್ದಾರೆ.

ಆದ್ರೆ ಆಂಟಿ ಅದನ್ನ ಹಾಗೇ ಬಿಡಲಿಲ್ಲ ಅನ್ನೋದೂ ಹೇಳ್ಬೇಕು. ಮೂರನೇ ದಿನ ಬೆಳಿಗ್ಗೆ ಟೈಮ್‌ಟೇಬಲ್ ಬದಲಾಯಿಸಿ ಹಾಗರಳ ಕಥೆ ತಗೊಂಡ್ರು, ಆದಿಕಾಂಡ 16. ಯಜಮಾನಿ ಕಾಟ ತಡೀಲಾರದೆ ಬಸುರಿ ಹೆಂಗಸು ಅರಣ್ಯಕ್ಕೆ ಓಡಿಹೋದ್ಲು, ಅಲ್ಲಿ ನೀರಿನ ಒರತೆ ಹತ್ರ ದೇವದೂತ ಅವಳನ್ನ ಹೆಸರಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತಿದೀಯ ಅಂತ ಕೇಳಿದ. ಅವಳು ದೇವರಿಗೆ ನನ್ನನ್ನ ನೋಡೋ ದೇವರು ಅಂತ ಹೆಸರಿಟ್ಲು. ವಾಪಸ್ ಹೋಗು ಅಂತ ದೇವದೂತ ಹೇಳ್ತಾನಲ್ಲ ಆಂಟಿ, ಅಂತ ಒಬ್ರು ಕೇಳೇಬಿಟ್ರು, ಎಲ್ರ ಮನಸ್ಸಲ್ಲೂ ಅದೇ ಇತ್ತು. ಆಂಟಿ ಜಾರಿಕೊಳ್ಳಲಿಲ್ಲ, ಹೌದು, ಆ ಮಾತು ನನಗೂ ಕಷ್ಟ, ಆದ್ರೆ ಅದನ್ನ ಹಿಡ್ಕೊಂಡು ಹೊಡೆಯೋ ಮನೆಗೆ ಯಾರನ್ನೂ ಕಳಿಸೋಕೆ ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ, 21ನೇ ಅಧ್ಯಾಯದಲ್ಲಿ ಅವಳು ಆ ಮನೆ ಬಿಟ್ಟ ಮೇಲೂ ದೇವರು ಅವಳ ಜೊತೆ ಇದ್ದಾನೆ ನೋಡಿ ಅಂದ್ರು. ಆಮೇಲೆ ಬೋರ್ಡ್ ಮೇಲೆ ಎರಡು ನಂಬರ್ ಬರೆದ್ರು. ಒಂದು 181, ಮಹಿಳಾ ಸಹಾಯವಾಣಿ. ಇನ್ನೊಂದು 14416, ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯದ ಸಹಾಯವಾಣಿ, 2022ರಲ್ಲಿ ಸರ್ಕಾರ ಶುರು ಮಾಡಿದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು, ನಿದ್ದೆ ಇಲ್ಲ, ಬದುಕೇ ಬೇಡ ಅನ್ಸುತ್ತೆ ಅನ್ನೋರು ಯಾವ ಹೊತ್ತಲ್ಲಾದ್ರೂ ಮಾಡ್ಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಡೈವೋರ್ಸ್ ತಗೊಳ್ದೇನೂ ಕೋರ್ಟಿಂದ ರಕ್ಷಣೆ ಆದೇಶ ಕೇಳ್ಬಹುದು, ವಾಸ ಮಾಡ್ತಿರೋ ಮನೇಲೇ ಇರೋ ಹಕ್ಕಿದೆ ಅಂತ ಬಿಡಿಸಿ ಹೇಳಿದ್ರು. ಮಾತ್ರೆ ತಗೊಳ್ಳೋದು ವಿಶ್ವಾಸ ಕಡಿಮೆ ಅಂತಲ್ಲ, ಶುಗರ್‌ಗೆ ತಗೊಳ್ಳಲ್ವಾ, ಮನಸ್ಸಿಗೂ ಹಂಗೇ ಅಂತ ನರ್ಸ್ ಆಗಿದ್ದೋರು ಹೇಳಿದ್ದಕ್ಕೆ ಬೆಲೆ ಜಾಸ್ತಿ. ಆ ಹುಡುಗಿ ನಂಬರನ್ನ ಪುಸ್ತಕದಲ್ಲಿ ಬರ್ಕೊಳ್ಳಲಿಲ್ಲ, ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡ್ಲು.

ಅವ್ರು ಕೊಡೋ ಪುಸ್ತಕದ ಬಗ್ಗೆನೂ ಒಂದು ಮಾತು. 48 ಪುಟದ ಪಿನ್ ಹೊಡೆದ ಪುಸ್ತಕ, ಅರ್ಧ ಚೆನ್ನಾಗಿದೆ, ಇನ್ನರ್ಧ ಇಂಗ್ಲಿಷಿಂದ ಪದಕ್ಕೆ ಪದ ಇಳಿಸಿದ್ದು ಅಂತ ಕಣ್ಣಿಗೆ ಹೊಡೆಯುತ್ತೆ, ಓದಿದ್ರೆ ಮನಸ್ಸಿಗೆ ಹತ್ತಲ್ಲ. 1831ರಲ್ಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾದ ಭಾಷೆ ನಮ್ದು, ಅಳೋದಕ್ಕೂ ಬೇಡೋದಕ್ಕೂ ಇಷ್ಟೊಂದು ಮಾತಿದೆ, ನಮ್ಮ ಅಕ್ಕಂದಿರ ಕೈಲೇ ಬರೆಸಬಾರದಾ? ಫಾಂಟ್ ಕೂಡ ಚಿಕ್ಕದು, ಕನ್ನಡಕ ಇದ್ರೂ ಕಷ್ಟ. ಆದ್ರೆ ಕೊನೇ ಆರು ಪುಟ ಖಾಲಿ ಬಿಟ್ಟಿದ್ದಾರೆ, ಅಲ್ಲಿ ನಮ್ಮ ನಮ್ಮ ಕೀರ್ತನೆ ಬರೀಬೇಕು. ಅದಕ್ಕೆ ಕೀರ್ತನೆ 13ರ ಮಾದರಿ ಹೇಳಿಕೊಟ್ರು. ಶುರುವಲ್ಲೇ ಎಷ್ಟರವರೆಗೆ ಎಷ್ಟರವರೆಗೆ ಅಂತ ನಾಲ್ಕು ಸಲ ದೂರು, ಆಮೇಲೆ ಬೇಡಿಕೆ, ಆಮೇಲೆ ಆದರೂ ಅಂತ ಒಂದು ತಿರುವು. ಆ ಆದರೂ ಬರ್ದೇ ಇದ್ರೆ ಬಲವಂತ ಮಾಡ್ಬೇಡಿ, 88ರ ಹಾಗೆ ಅಲ್ಲೇ ನಿಲ್ಲಿಸಿ ಅಂದ್ರು. ನಾನು ನಿಲ್ಲಿಸಿದೆ. ಎರಡು ಪುಟ ಬರೀ ದೂರು, ಆಸ್ಪತ್ರೆ ಕಾರಿಡಾರು, ಅವಳ ಕೂದಲು ಬಾಚಣಿಗೇಲಿ ಬಂದಿದ್ದು, ಹನ್ನೊಂದನೇ ದಿನದ ಆ ಮಾತು, ಎಲ್ಲಾ.

ಮೂರು ವಾರದಲ್ಲಿ ಏನು ಉಳೀತು ಅಂದ್ರೆ, ದುಃಖ ಹಂಗೇ ಇದೆ. ಆ ಎರಡು ಪುಟಾನ ರಾತ್ರಿ ಪಾತ್ರೆ ಆದ್ಮೇಲೆ ಅಡುಗೆ ಮನೇಲಿ ನಿಂತು ಓದ್ತೀನಿ, ಜೋರಾಗಿ ಅಲ್ಲ, ಹನ್ನಳ ಹಾಗೆ ತುಟಿ ಮಾತ್ರ. ಅದು ಪ್ರಾರ್ಥನೆನೇ ಅಂತ ಈಗ ನನಗೆ ಗೊತ್ತು. ಹೋದ ಭಾನುವಾರ ಚರ್ಚಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥನೆ ಮಾಡಿದಾಗ ಆಮೆನ್ ಬಂತು, ಅದರ ಮುಂದಿನ ಪ್ರಾರ್ಥನೆಗೆ ಬರ್ಲಿಲ್ಲ.

5ಕ್ಕೆ 4 ಕೊಡ್ತೀನಿ, ಒಂದು ಕಮ್ಮಿ ಆಗಿದ್ದು ಎರಡನೇ ರಾತ್ರಿಗೆ. ಹೋಗೋರು ಶಾಲು, ಟಾರ್ಚು, ಬಕೆಟ್‌ಗೆ ಒಂದು ಮಗ್ ತಗೊಂಡು ಹೋಗಿ, ಬಸ್ ಸ್ಟಾಪಿಂದ ಒಳಗೆ ಆಟೋ ಸಿಗಲ್ಲ, ಮೊದ್ಲೇ ಫೋನ್ ಮಾಡಿದ್ರೆ ಜೀಪ್ ಕಳಿಸ್ತಾರೆ. ವಯಸ್ಸಾದೋರು ಇದ್ರೆ ಹೆಸರು ಕೊಡುವಾಗಲೇ ಕೆಳಗಿನ ರೂಮ್ ಬೇಕು ಅಂತ ಬರೆಸಿ. ಮುಂದಿನದು ಬೇಸಿಗೆ ರಜದಲ್ಲಂತೆ, ನಮ್ಮ ಅತ್ತೆ ನಾನೂ ಬರ್ತೀನಿ ಅಂದಿದ್ದಾರೆ, ಯಾಕೆ ಅಂತ ನಾನು ಕೇಳಿಲ್ಲ, ಅವ್ರ ಹೆಸರೂ ಸೇರಿಸಿ ಕೊಟ್ಟಿದ್ದೀನಿ.